ಎರಡೂ ಮಗ್ಗುಲು ಕಂದಿದ ಕಾಳು

"ಮುಟ್ಬೇಡ!"

ಅಕ್ಕ ಕೂಗಿದ ರಭಸಕ್ಕೆ ಇಣುಕನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಬೀಜ ಸಂಶೋಧನಾ ಕೇಂದ್ರದ ಉಗ್ರಾಣ. ಉದ್ದನೆಯ ಮೇಜು, ಅದರ ಮೇಲೊಂದು ಬಿಳಿ ಬಟ್ಟೆ, ಬಟ್ಟೆಯ ನಡುವೆ ಹಿಡಿ ತುಂಬದಷ್ಟು ಮೆಕ್ಕೆಜೋಳ.

"ಬರಿಗೈಯಲ್ಲಿ ಮುಟ್ತಾರೇನೋ? ಚಿಮಟ ತಗೋ."

"ಇದು ಆಕಾಶಕ್ಕೆ ಹೋಗಿ ಬಂದ ಬೀಜವೇ ಅಲ್ಲ, ನಕಲಿ ಅಂತ ನೀನೇ ಹೇಳ್ತೀಯ. ನಕಲಿ ಜೋಳಕ್ಕೆ ಇಷ್ಟು ರಾಜಮರ್ಯಾದೆ ಯಾಕಕ್ಕಾ?"

"ಕಳ್ಳ ಬಿಟ್ಟುಹೋಗಿರೋ ಗುರುತು ಇದೊಂದೇ ತಾನೇ? ಅದಕ್ಕೆ."

ಇಣುಕ ಬಾಯಿ ಮುಚ್ಚಿಕೊಂಡು ಚಿಮಟ ಎತ್ತಿಕೊಂಡ. ಊರಿಗೆಲ್ಲ ಪತ್ತೇದಾರನಾದರೂ ಅಕ್ಕನ ಮುಂದೆ ಅವನು ಇವತ್ತಿಗೂ ಇಣುಕನೇ. ಆ ಹೆಸರಿಟ್ಟವಳೂ ಅವಳೇ. ಚಿಕ್ಕಂದಿನಲ್ಲಿ ಡಬ್ಬಿ, ಪೆಟ್ಟಿಗೆ, ಪಕ್ಕದ ಮನೆ ಕಿಟಕಿ ಯಾವುದನ್ನೂ ಇಣುಕಿ ನೋಡದೆ ಬಿಟ್ಟವನಲ್ಲ. ಆಗ ಏಟು ತಿನ್ನಿಸಿದ ಚಟ ಈಗ ಊಟ ಹಾಕುತ್ತಿತ್ತು.

ಆದರೆ ಈ ಸಲದ ಕೇಸು ಊಟದ್ದಲ್ಲ, ಅಕ್ಕನ ಮಾನದ್ದು. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದ ಹೊರಗೋಡೆಗೆ ಕಟ್ಟಿಸಿ ಅವಳು ಕಳಿಸಿದ್ದ ಬೀಜ, ವಾಪಸು ಬಂದ ಮೇಲೆ ಅದಲುಬದಲಾಗಿತ್ತು. ಅದಲುಬದಲು ಮಾಡಿದವಳು ಅವಳೇ, ಅಸಲಿ ಬೀಜ ಯಾವುದೋ ಕಂಪನಿಯ ಪಾಲಾಗಿದೆ ಎಂದು ಡೈರೆಕ್ಟರ್ ಸಾಹೇಬರು ಅವಳ ತಲೆಯ ಮೇಲೆ ಗೂಬೆ ಕೂರಿಸಿದ್ದರು.

ಮಧ್ಯಾಹ್ನದ ಊಟ ಮುಗಿಯುತ್ತಲೇ ಮಹಡಿಯಲ್ಲಿ ವಿಚಾರಣಾ ಸಮಿತಿ ಕೂರುತ್ತದೆ. ಅಷ್ಟರಲ್ಲಿ ಏನಾದರೂ ಸಿಗದಿದ್ದರೆ ಅಕ್ಕನ ಪಾಲಿಗೆ ಈ ಕೇಂದ್ರದ ಗೇಟು ಮುಚ್ಚಿದಂತೆಯೇ. ಆಮೇಲೆ ಅವಳ ಮಾತನ್ನು ಬೇರೆ ಯಾವ ಪ್ರಯೋಗಾಲಯವೂ ನಂಬುವುದಿಲ್ಲ.

"ಹೊಟ್ಟೆಗೆ ಏನಾದ್ರೂ ಹಾಕ್ಕೊಳ್ಳಿ ಮೊದ್ಲು," ಎಂದರು ಭಾವ. ಅಕ್ಕನ ಗಂಡ. ಕೇಸು ಕೈಗೆತ್ತಿಕೋ ಎಂದು ಇಣುಕನನ್ನು ಕಾಡಿ ಬೇಡಿ ಒಪ್ಪಿಸಿದ್ದು ಅವರೇ. ಲೇತ್ ವರ್ಕ್‌ಶಾಪ್ ಇಟ್ಟವರು. ಬೀಜ ಕೂರಿಸಿ ಮೇಲಕ್ಕೆ ಕಳಿಸಿದ ಲೋಹದ ತಟ್ಟೆಯನ್ನೂ ಹೆಂಡತಿಗಾಗಿ ತಮ್ಮ ಕೈಯಾರೆ ಕೊರೆದು ಕೊಟ್ಟಿದ್ದರು. ಈಗ ಒಂದು ಮೂಟೆಯ ಮೇಲೆ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದರು.

ಇಣುಕನ ಫೋನ್ ಬಡಿದುಕೊಂಡಿತು. ಅಕ್ಕನ ಮನೆಯಲ್ಲೇ ಇರುವ ಅಮ್ಮ.

"ಏನೋ, ನಿಮ್ಮಕ್ಕನ್ನ ಸ್ವಲ್ಪ ಕೇಳಿ ಹೇಳೋ. ನನ್ನ ಬಕೆಟ್ ಗಿಡಕ್ಕೆ ಏನೋ ಆಗಿದೆ ಕಣೋ, ನೋಡೋಕೇ ಒಂಥರಾ..."

"ಅಮ್ಮಾ, ಇಲ್ಲಿ ಅವಳ ಕೆಲಸಾನೇ ಹೋಗೋ ಹಾಗಿದೆ. ನಿನಗೆ ಬಕೆಟ್ ಚಿಂತೆ!" ಎಂದು ಫೋನಿಟ್ಟ.

ಭಾವ ಹೊಟ್ಟೆ ಕುಲುಕಿಸಿ ನಕ್ಕರು. "ಅತ್ತೆಗೆ ಬೀಜ ಕಂಡ್ರೆ ಕೈ ಸುಮ್ನಿರಲ್ಲಪ್ಪ. ನಿಂಬೆ ಬೀಜ, ಕುಂಬಳ ಬೀಜ, ಒಂದೂ ಕಸಕ್ಕೆ ಹೋಗಲ್ಲ. ಬಾಲ್ಕನಿಯಲ್ಲಿ ಕಾಲಿಡೋಕೆ ಜಾಗ ಇಲ್ಲ."

"ಆ ಬಾಲ್ಕನಿ ನೋಡಿ ನಾನು ಎಷ್ಟು ದಿನ ಆಯ್ತೋ," ಎಂದಳು ಅಕ್ಕ. ಹೊಲದಲ್ಲಿ ಬಿತ್ತನೆಯಾದಾಗಿನಿಂದ ಅವಳು ಮನೆಗೆ ಹೋಗುತ್ತಿದ್ದುದು ಮಲಗುವುದಕ್ಕೆ ಮಾತ್ರ.

ಇಣುಕ ಚಿಮಟದಲ್ಲಿ ಒಂದು ಕಾಳು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಬಿಳಿ ಜಾತಿಯ ಮೆಕ್ಕೆಜೋಳ, ಆದರೆ ಸುಟ್ಟ ರೊಟ್ಟಿಯ ಬಣ್ಣ ಹತ್ತಿತ್ತು. ತಿರುಗಿಸಿದ. ಆ ಕಡೆಯೂ ಅದೇ ಬಣ್ಣ.

"ಅಕ್ಕಾ, ಬಿತ್ತಿದ್ದನ್ನ ನಕಲಿ ಅಂತ ಹೇಗೆ ಕಂಡುಹಿಡಿದ್ರಿ?"

"ಹೊಲ ನೋಡಿದ್ರೆ ಸಾಕು. ಅಲ್ಲಿ ಮೇಲೆ ಗಾಳಿ ಇಲ್ಲ ಕಣೋ. ಒಂದು ಗಳಿಗೆ ಕುದಿಯೋ ಬಿಸಿ, ಮರುಗಳಿಗೆ ಕೊರೆಯೋ ಚಳಿ. ಬಿಸಿಲಿಗೆ ಜರಡಿಯೇ ಇಲ್ಲ. ಜೊತೆಗೆ ಎಲ್ಲಿಂದಲೋ ಹಾರಿಬರೋ ಕಣ್ಣಿಗೆ ಕಾಣದ ಕಣಗಳು. ಅಂಥಾ ಕಡೆ ಮಲಗಿ ಬಂದ ಬೀಜ ಎಲ್ಲಾ ಏಳಲ್ಲ. ಕೆಲವು ತಡವಾಗಿ ಏಳ್ತವೆ. ಕೆಲವು ಸೊಟ್ಟಗೆ. ಎಲ್ಲೋ ಒಂದು, ಬೇರೆಯೇ ಗುಣ ಹೊತ್ಕೊಂಡು ಏಳುತ್ತೆ. ಉಪ್ಪು ನೀರಲ್ಲೂ ಬದುಕೋ ಅಂಥದ್ದು ಒಂದಾದ್ರೂ ಸಿಗುತ್ತಾ ಅಂತ ತಾನೇ ಇಷ್ಟು ವರ್ಷ ಕಾದಿದ್ದು? ಹೊಲದಲ್ಲಿ ನೋಡಿದ್ರೆ ಒಂದೂ ಬಿಡದೆ ಎದ್ದು, ಕವಾಯತಿಗೆ ನಿಂತ ಹಾಗೆ ನಿಂತಿವೆ. ಹಚ್ಚ ಹಸಿರು. ಅವು ನಮ್ಮ ಅಂಗಡಿ ಜೋಳ ಅಂತ ಆವತ್ತೇ ಗೊತ್ತಾಯ್ತು."

"ಸಮಿತಿಯವರು ಏನಂತಾರೆ?"

"ಬಿತ್ತದೆ ಉಳಿದ ಈ ಕಾಳು ಕಂದಾಗಿದೆಯಲ್ಲ, ಆಕಾಶದ ಬಿಸಿಲು ತಿಂದದ್ದೇ ಇರಬೇಕು, ನಿನ್ನ ಪ್ರಯೋಗವೇ ಸೋತಿದೆ, ಇಲ್ಲ ನೀನೇ ಏನೋ ಮಾಡಿದ್ದೀಯ ಅಂತಾರೆ. ಎರಡರಲ್ಲಿ ಯಾವುದಾದ್ರೂ ನನ್ನ ಕುತ್ತಿಗೆಗೇ."

ಇಣುಕ ಇನ್ನೊಂದು ಕಾಳು ತಿರುಗಿಸಿದ. ಮತ್ತೊಂದು. ಕಿವಿಯ ಹಿಂದೆ ಏನೋ ಬೆಚ್ಚಗಾಯಿತು. ಸುಳಿವು ಹತ್ತಿರವಿದ್ದಾಗಲೆಲ್ಲ ಅವನಿಗೆ ಹಾಗಾಗುತ್ತಿತ್ತು.

"ಆ ತಟ್ಟೆ ಇದೆಯಾ? ಮೇಲೆ ಹೋಗಿ ಬಂದದ್ದು?"

ಅಕ್ಕ ಕಪಾಟಿನಿಂದ ತಂದಿಟ್ಟಳು. ಅಂಗೈಯಗಲದ ತಟ್ಟೆ. ಸಾಲುಸಾಲಾಗಿ ಕಾಳಿನ ಅಳತೆಯ ಗುಳಿ. ಹೊಳಪೆಲ್ಲ ಹೋಗಿ ಬೂದುಬಣ್ಣಕ್ಕೆ ತಿರುಗಿತ್ತು. ಎಲ್ಲ ಗುಳಿಗಳೂ ಖಾಲಿ, ಆದರೆ ಮೂಲೆಯ ಒಂದರಲ್ಲಿ ಒಡಕು ಕಾಳೊಂದು ಅಂಟಿಕೊಂಡಿತ್ತು.

"ಇದು?"

"ಉಳಿದವನ್ನ ಬಿಡಿಸಿ ಡಬ್ಬಿಗೆ ಹಾಕಿದ್ವಿ. ಇದು ಸೀಳಿಹೋಗಿದೆ, ಮೊಳೆಯಲ್ಲ ಅಂತ ಬಿಟ್ವಿ. ಅಂಟೂ ಬಿಡಲಿಲ್ಲ."

"ಅಂದ್ರೆ ಇದು ಅಸಲಿ! ಇದನ್ನ ಯಾರೂ ಬದಲಾಯಿಸಿಲ್ಲ!" ಇಣುಕ ಕೂತಲ್ಲಿ ಕೂರಲಾರದೆ ಎದ್ದ. "ಭಾವ, ಸಣ್ಣ ಸ್ಕ್ರೂಡ್ರೈವರ್ ಏನಾದ್ರೂ..."

ಕೇಳಬೇಕೆ? ಭಾವನ ಶರ್ಟಿನ ಜೇಬೇ ಒಂದು ಹಾರ್ಡ್‌ವೇರ್ ಅಂಗಡಿ. ನಟ್ಟು, ಬೋಲ್ಟು, ತಂತಿ ತುಣುಕು, ನೆಲದ ಮೇಲೆ ಕಂಡದ್ದೆಲ್ಲ ಅಲ್ಲಿಗೇ ಹೋಗುತ್ತಿತ್ತು. ಜೇಬು ನೋಡದೆ ಬಟ್ಟೆ ಒಗೆಯಲು ಹಾಕಿದರೆ ಮೆಷಿನ್ನಿನ ಹೊಟ್ಟೆಯಲ್ಲಿ ಬ್ಯಾಂಡು ಬಾರಿಸುತ್ತದೆ ಎಂದು ಅಮ್ಮ ದಿನಾ ಗೊಣಗುತ್ತಿದ್ದಳು. ಭಾವ ತಡಕಾಡಿ ಸೂಜಿಯಂಥ ಸ್ಕ್ರೂಡ್ರೈವರೊಂದನ್ನು ತೆಗೆದುಕೊಟ್ಟರು.

ಇಣುಕ ಉಸಿರು ಬಿಗಿಹಿಡಿದು ಕಾಳಿನ ಅಂಚಿಗೆ ತುದಿ ಕೊಟ್ಟು ಮೀಟಿದ. ಟಪ್ಪೆಂದು ಅದು ಬಟ್ಟೆಯ ಮೇಲೆ ಬಿತ್ತು. ಮೇಲುಗಡೆ ಕಂದು. ಚಿಮಟದಲ್ಲಿ ತಿರುಗಿಸಿದ. ತಟ್ಟೆಗೆ ಅಂಟಿದ್ದ ಬದಿ ಬೆಳ್ಳಗೆ, ತೆನೆಯಿಂದ ಈಗ ತಾನೇ ಬಿಡಿಸಿದಂತಿತ್ತು.

ಅಕ್ಕ ಬಾಯಿಗೆ ಕೈ ಹಿಡಿದಳು.

"ಬಿಸಿಲು ಬಿದ್ದದ್ದು ಒಂದೇ ಬದಿಗೆ," ಎಂದಳು. "ಕಾಳು ಅಲ್ಲಾಡದ ಹಾಗೆ ಅಂಟಿಸಿದ್ವಿ. ಮಗ್ಗುಲು ಬದಲಾಯಿಸೋಕೆ ಸಾಧ್ಯವೇ ಇರಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು! ಗಿಡ ನೋಡ್ತಾ ಕೂತೆ, ಕಾಳು ತಿರುಗಿಸಿ ನೋಡಲೇ ಇಲ್ಲವಲ್ಲೋ!"

"ಈ ನಕಲಿ ಕಾಳು ಎರಡೂ ಮಗ್ಗುಲು ಕಂದು. ಯಾರೋ ಇಲ್ಲೇ ಭೂಮಿ ಮೇಲೆ ಸುಟ್ಟಿದ್ದಾರೆ. ಅಕ್ಕಾ, ಬಿಸಿಲಿನ ಆ ಬಣ್ಣ ಬರಿಸೋ ಅಂಥದ್ದು ಇಲ್ಲಿ ಏನಿದೆ?"

ಅಕ್ಕ ಯೋಚಿಸಲೂ ಇಲ್ಲ. "ನೀಲಿ ದೀಪದ ಕೋಣೆ. ಬೂಷ್ಟು ಸಾಯಿಸೋಕೆ ಪಾತ್ರೆಗಳನ್ನ ಅದರ ಕೆಳಗಿಡ್ತೀವಿ. ಬೀಗ ಇಲ್ಲ, ಯಾರು ಬೇಕಾದ್ರೂ ಹೋಗಬಹುದು. ಆದ್ರೆ ದಿನಾ ಬೆಳಿಗ್ಗೆ ಗುಡಿಸಿ ಒರೆಸೋದು..."

ಮೂವರೂ ಒಟ್ಟಿಗೆ ಉಗ್ರಾಣದ ಒಳಬಾಗಿಲಿನತ್ತ ನೋಡಿದರು. ಅಲ್ಲಿ ಸ್ಟೋರ್‌ಕೀಪರು ಖಾಲಿ ಚೀಲ ಕೊಡವುತ್ತಿದ್ದರು, ಬೇಕೆಂದೇ ಈ ಕಡೆ ಬೆನ್ನು ಮಾಡಿಕೊಂಡು.

ಕೇಂದ್ರದಲ್ಲಿ ಎಲ್ಲರೂ ಅವರನ್ನು ಸ್ಟೋರಣ್ಣ ಎನ್ನುತ್ತಿದ್ದರು. ಬೀಜದ ಗುಟ್ಟು ಬಯಲಾದ ದಿನದಿಂದ ಸ್ಟೋರಣ್ಣನ ಬಾಯಿಗೆ ಬೀಗ ಬಿದ್ದಿತ್ತು. ವಾಚಾಳಿ ಮನುಷ್ಯ ಹೀಗೆ ಮೂಕನಾದರೆ ಯಾವ ಪತ್ತೇದಾರನಿಗೆ ತಾನೇ ಅನುಮಾನ ಬರುವುದಿಲ್ಲ?

"ಸ್ಟೋರಣ್ಣ, ಸ್ವಲ್ಪ ಇಲ್ಲಿ ಬರ್ತೀರಾ?"

ಅವರು ಬಂದರು. ಇಣುಕ ಮೇಜಿನ ಮೇಲೆ ಒಂದು ಹಿಡಿ ಅಂಗಡಿ ಜೋಳ ಹರವಿದ. "ಇದನ್ನ ಬಿಸಿಲಿಗೆ ಒಣಹಾಕಿದ್ದೀನಿ ಅಂದ್ಕೊಳ್ಳಿ. ನೀವು ಪಕ್ಕದಲ್ಲಿ ಹಾದು ಹೋಗ್ತಿದ್ದೀರಿ. ಏನ್ಮಾಡ್ತೀರಿ?"

ಬಾಯಿ ಉತ್ತರ ಕೊಡುವ ಮೊದಲೇ ಕೈ ಕೊಟ್ಟುಬಿಟ್ಟಿತು. ಸ್ಟೋರಣ್ಣನ ಬೆರಳುಗಳು ಕಾಳಿನ ಮೇಲೆ ಆಡಿ, ಕೆಳಗಿನದು ಮೇಲೆ, ಮೇಲಿನದು ಕೆಳಗೆ ಮಾಡಿ ಹರವಿದವು. ಮಾಡಿದ್ದು ಅವರಿಗೇ ಗೊತ್ತಾದದ್ದು ಆಮೇಲೆ. ಮುಖ ಹುಳ್ಳಗಾಯಿತು.

"ನೀಲಿ ದೀಪದ ಕೆಳಗೂ ಹೀಗೇ ತಿರುವಿ ಹಾಕಿದ್ರಿ, ಅಲ್ವಾ?" ಇಣುಕ ಮೆಲ್ಲಗೆ ಕೇಳಿದ.

"ನಾನು ಕದ್ದಿಲ್ಲ."

"ಕದ್ರಿ ಅಂತ ನಾನೆಲ್ಲಿ ಅಂದೆ?"

"ನೀವಂದಿಲ್ಲ, ಸಾಹೇಬ್ರು ಅಂತಾರೆ! ಯಾರದ್ದೋ ಪ್ರಯೋಗದಲ್ಲಿ ಕೈ ಹಾಕಿದೆ ಅಂತ ಮನೆಗೆ ಕಳಿಸ್ತಾರೆ!" ಒಮ್ಮೆ ಕಟ್ಟೆ ಒಡೆದ ಮೇಲೆ ಸ್ಟೋರಣ್ಣನ ಮಾತು ನಿಲ್ಲಲಿಲ್ಲ. "ಒಂದು ದಿನ ಒರೆಸೋಕೆ ಹೋದಾಗ ದೀಪದ ಕೆಳಗೆ ತಟ್ಟೆ ಇತ್ತು. ಗುಳಿಗೊಂದು ಕಾಳು. ಯಾರಿಟ್ರೋ ದೇವರಿಗೇ ಗೊತ್ತು. ಮೇಲ್ಮೈಯೆಲ್ಲ ಕಂದಿಹೋಗಿದೆ, ಕೆಳಗೆ ಹಾಗೇ ಬೆಳ್ಳಗಿದೆ. ಮನಸ್ಸು ತಡೀಲಿಲ್ಲ. ಬೀಜ ಅಂದ್ರೆ ಮಗು ಇದ್ದ ಹಾಗಲ್ವಾ ಸ್ವಾಮಿ? ಒಂದೇ ಮಗ್ಗುಲಲ್ಲಿ ಅಷ್ಟೊತ್ತು ಮಲಗಿಸ್ತಾರಾ ಯಾರಾದ್ರೂ? ಒಂದೊಂದನ್ನೇ ತಿರುವಿ ಇಟ್ಟೆ. ಸಂಜೆ ಹೋಗಿ ನೋಡ್ತೀನಿ, ತಟ್ಟೆಯೂ ಇಲ್ಲ, ಕಾಳೂ ಇಲ್ಲ."

ಇಣುಕ ಮೇಜು ಗುದ್ದಿ ನಕ್ಕುಬಿಟ್ಟ.

"ಸ್ಟೋರಣ್ಣ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು! ಕಳ್ಳ ಲೆಕ್ಕ ಹಾಕಿ ಒಂದೇ ಮಗ್ಗುಲು ಸುಟ್ಟಿದ್ದ. ಅಸಲಿಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇರ್ತಿರಲಿಲ್ಲ. ನೀವು ಮುದ್ದು ಮಾಡಿ ಮಗ್ಗುಲು ಬದಲಾಯಿಸಿ ಅವನ ಕೆಲಸಕ್ಕೆಲ್ಲ ಮಣ್ಣು ಹಾಕಿದ್ರಿ!"

ಸ್ಟೋರಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಕ್ಕ ಅವರ ಎರಡೂ ಕೈ ಹಿಡಿದುಕೊಂಡಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ರಕ್ತ ಆಡಿತ್ತು.

"ಈ ತಟ್ಟೆನಾ ನೀವು ನೋಡಿದ್ದು?" ಇಣುಕ ಬೂದುತಟ್ಟೆ ತೋರಿಸಿದ.

"ಇದೇ ತರ. ಆದ್ರೆ ಇದಲ್ಲ. ಅದು ಹೊಚ್ಚ ಹೊಸದು, ಫಳಫಳ ಅಂತಿತ್ತು. ಮುಖ ನೋಡ್ಕೋಬಹುದಿತ್ತು."

"ಇನ್ನೊಂದು ತಟ್ಟೆ!" ಇಣುಕ ಭಾವನತ್ತ ತಿರುಗಿದ. "ಭಾವ, ನೀವು ಮಾಡಿದ್ದು ಒಂದೇ ತಾನೇ?"

"ಒಂದೇನಪ್ಪ." ಭಾವ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೇಳಿದರು. "ಆದ್ರೆ ನಕ್ಷೆ ಡೈರೆಕ್ಟರ್ ಹತ್ರ ಇದೆ. ನಕ್ಷೆ ಕೊಟ್ರೆ ಯಾವ ಲೇತ್‌ನವನೂ ಮಾಡ್ಕೊಡ್ತಾನೆ."

ಇಣುಕನ ತಲೆಯಲ್ಲಿ ದೀಪ ಹತ್ತಿತು. ಕಾಳು ಒಂದೇ ಮಗ್ಗುಲು ಕಂದಬೇಕೆಂದು ಗೊತ್ತಿದ್ದವನು. ತಟ್ಟೆಯ ನಕ್ಷೆ ಕೈಯಲ್ಲಿದ್ದವನು. ಅಕ್ಕನ ಮೇಲೆ ಎಲ್ಲರಿಗಿಂತ ಮೊದಲು ಬೆರಳು ತೋರಿಸಿದವನು. ಸಾಹೇಬರೇ, ಸಿಕ್ಕಿಬಿದ್ದಿರಿ!

"ಅಕ್ಕಾ, ಅಸಲಿ ಬೀಜ ಎಲ್ಲಾದ್ರೂ ಸಿಕ್ರೆ ಗುರುತು ಹಿಡೀತೀಯಾ? ಮಣ್ಣಿಗೆ ಹಾಕಿಬಿಟ್ಟಿದ್ರೂ?"

"ಹಾಕಿದ್ರೆ ಇನ್ನೂ ಸುಲಭ!" ಅಕ್ಕ ಮೇಜಿನ ಮೇಲೆ ಬೆರಳಲ್ಲೇ ಎಲೆ ಬರೆದಳು. ಇಷ್ಟವಾದದ್ದನ್ನು ಹೇಳುವಾಗ ಚಿಕ್ಕಂದಿನಲ್ಲೂ ಅವಳು ಹೀಗೇ. "ಕಣ ಬಂದು ಹೊಡೆಯೋದು ಬೀಜದೊಳಗಿನ ಮೊಳಕೆಯ ಯಾವುದೋ ಒಂದು ಜೀವಕೋಶಕ್ಕೆ. ಅಕ್ಕಪಕ್ಕದವಕ್ಕೆ ಏನೂ ಆಗಲ್ಲ. ಆ ಏಟು ತಿಂದ ಕೋಶದ ಮಕ್ಕಳು ಮರಿಮಕ್ಕಳೆಲ್ಲ ಎಲೆಯಲ್ಲಿ ಒಂದೇ ಸಾಲಾಗಿ ಬೆಳೀತವೆ. ಏಟು ಹಸಿರು ಮಾಡೋ ಗುಣಕ್ಕೆ ಬಿದ್ದಿದ್ರೆ ಆ ಸಾಲು ಪೂರ್ತಿ ಬಿಳಿ. ಹಸಿರು ಗರಿಯಲ್ಲಿ ಬುಡದಿಂದ ತುದಿಯವರೆಗೆ ಸ್ಕೇಲಿಟ್ಟು ಎಳೆದ ಹಾಗೆ ಒಂದು ಬಿಳಿ ಪಟ್ಟೆ. ಈ ಜೋಳವನ್ನ ಆರಿಸಿದ್ದೇ ಅದಕ್ಕೆ, ಇದರಲ್ಲಿ ಪಟ್ಟೆ ಬೇಗ ಕಾಣುತ್ತೆ. ಅಂಥ ಒಂದೇ ಒಂದು ಗಿಡ ಸಿಗಲಿ, ಸಮಿತಿಯಲ್ಲಿ ಇನ್ನೊಬ್ಬರು ಬಾಯಿ ತೆರೆಯಲ್ಲ!"

"ಬಿಳಿ ಪಟ್ಟೆ," ಎಂದರು ಭಾವ.

"ಹೂಂ. ಯಾರು ಬೇಕಾದ್ರೂ ಗುರುತಿಸಬಹುದು."

ಭಾವ ಎದ್ದು ಪ್ಯಾಂಟಿಗೆ ಹತ್ತಿದ ಧೂಳು ಕೊಡವಿಕೊಂಡರು. "ಕಾರು ಬಿಸಿಲಲ್ಲಿ ನಿಂತಿದೆ. ನೆರಳಿಗೆ ಹಾಕಿ ಬರ್ತೀನಿ," ಎಂದು ಹೊರಟರು. ಫ್ಲಾಸ್ಕು ಮೂಟೆಯ ಮೇಲೆಯೇ ಉಳಿಯಿತು.

ಮೇಲಿನಿಂದ ಕರೆ ಬಂತು. ಅಕ್ಕ ಒಂದು ಡಬ್ಬಿಯಲ್ಲಿ ಆ ಒಡಕು ಕಾಳನ್ನೂ, ಇನ್ನೊಂದರಲ್ಲಿ ನಕಲಿ ಕಾಳನ್ನೂ ಹಾಕಿಕೊಂಡು, ಸ್ಟೋರಣ್ಣನನ್ನು ಸಾಕ್ಷಿಗೆ ಕರೆದುಕೊಂಡು, ಎರಡೆರಡು ಮೆಟ್ಟಿಲು ಹಾರುತ್ತ ಹತ್ತಿದಳು. ಇಷ್ಟು ದಿನ ಕಾಲೆಳೆದುಕೊಂಡು ಓಡಾಡುತ್ತಿದ್ದವಳು ಇವಳೇನಾ ಎನ್ನುವ ಹಾಗಿತ್ತು. ಇಣುಕನಿಗೆ ಹಿಗ್ಗು ತಡೆಯಲಾಗಲಿಲ್ಲ.

ಅವನು ಮೆಟ್ಟಿಲ ಬುಡದಲ್ಲೇ ನಿಂತ. ಸಾಹೇಬರನ್ನು ಎಲ್ಲಿಂದ ಹಿಡಿಯಬೇಕು, ಯಾವ ಪ್ರಶ್ನೆಯಿಂದ ಶುರು ಮಾಡಬೇಕು? ನಕ್ಷೆಯಿಂದಲೇ ಶುರು ಮಾಡೋಣ ಎಂದುಕೊಳ್ಳುವಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು.

"ಅಮ್ಮಾ, ಆಮೇಲೆ..."

"ಪೂರ್ತಿ ಕೇಳಿಸ್ಕೊಳ್ಳೋ! ರೋಗ ಅಂದ್ಕೊಂಡು ಅಕ್ಕಿ ತೊಳೆದ ನೀರು ಹಾಕಿ ನೋಡಿದೆ, ಬೂದಿ ಹಾಕಿ ನೋಡಿದೆ. ಏನು ಮಾಡಿದ್ರೂ ಹೋಗ್ತಿಲ್ಲ. ಉಳಿದ ಗರಿ ಹಸಿರಾಗೇ ಇದೆ ಕಣೋ, ನಡುವೆ ಮಾತ್ರ ಉದ್ದಕ್ಕೆ ಒಂದು ಬಿಳಿ ಗೆರೆ. ಸುಣ್ಣ ಬಳಿದ ಹಾಗಿದೆ."

ಇಣುಕ ಫೋನನ್ನು ಕಿವಿಗೆ ಒತ್ತಿಕೊಂಡ.

"ಅದು... ಏನು ಗಿಡ ಅಮ್ಮಾ?"

"ಜೋಳ ಕಣೋ. ಮೆಕ್ಕೆಜೋಳ. ಬಾಲ್ಕನಿಯಲ್ಲಿ ಹಳೇ ಬಕೆಟ್ಟಲ್ಲಿ ಹಾಕಿದ್ದೀನಲ್ಲ."

ಅವನಿಗೆ ಕುಣಿಯುವಷ್ಟು ಸಂತೋಷ ಒಂದು ಕಡೆ. ಅಕ್ಕ ಗೆದ್ದಳು! ಇಡೀ ಕೇಂದ್ರ ಹುಡುಕುತ್ತಿರುವ ಬೀಜ ಅವರ ಮನೆಯ ಬಕೆಟ್ಟಿನಲ್ಲೇ ಎದ್ದು ನಿಂತಿದೆ! ಇನ್ನೊಂದು ಕಡೆ, ಕೇಳಲೇಬೇಕಾದ ಪ್ರಶ್ನೆ ನಾಲಿಗೆಯ ಮೇಲೆ ಬಂದು ಕೂತಿತ್ತು. ಪತ್ತೇದಾರನಾದ ಮೇಲೆ ಮೊದಲ ಸಲ ಅವನಿಗೆ ಇಣುಕಿ ನೋಡಲು ಹೆದರಿಕೆಯಾಯಿತು.

"ಆ ಕಾಳು ನಿನಗೆಲ್ಲಿ ಸಿಕ್ತು?"

"ಇನ್ನೆಲ್ಲಿ? ನಿಮ್ಮ ಭಾವನ ಶರ್ಟಿನ ಜೇಬಲ್ಲಿ. ಒಗೆಯೋಕೆ ಹಾಕೋ ಮುಂಚೆ ತಡಕಿದೆ, ಸ್ಕ್ರೂ ಜೊತೆ ಮೂರ್ನಾಲ್ಕು ಕಾಳು. ಒಂದು ಕಡೆ ಸುಟ್ಟ ಹಾಗೆ, ಇನ್ನೊಂದು ಕಡೆ ಚೆನ್ನಾಗೇ ಇತ್ತು. ಎಸೆಯೋಕೆ ಮನಸ್ಸು ಬರಲಿಲ್ಲ. ಎಲ್ಲಾ ಊರಿದೆ, ಎದ್ದದ್ದು ಇದೊಂದೇ."

ಕೇಂದ್ರದ ಹಿಂದಿನ ಬೀದಿಯಲ್ಲೇ ಅಕ್ಕನ ಮನೆ. ಕಾರಿನಲ್ಲಿ ಹೋದರೆ ಟೀ ಆರುವುದರೊಳಗೆ ಮುಟ್ಟಬಹುದು. ಇಣುಕ ಕಿಟಕಿಯಿಂದ ಹೊರಗೆ ಇಣುಕಿದ. ಗೇಟಿನ ಪಕ್ಕದ ಮರದ ನೆರಳಲ್ಲಿ ಯಾವ ಕಾರೂ ಇರಲಿಲ್ಲ. ಬಿಸಿಲಲ್ಲೂ ಇರಲಿಲ್ಲ.

"ಅಮ್ಮಾ, ಬಾಗಿಲ ಚಿಲಕ ಹಾಕ್ಕೋ! ಆ ಬಕೆಟ್ ಹತ್ರ ಯಾರನ್ನೂ ಬಿಡಬೇಡ!"

"ಯಾಕೋ ಹಾಗೆ ಕಿರುಚ್ತೀಯ? ನಿಮ್ಮ ಭಾವ ಈಗಷ್ಟೇ ಬಂದ್ರು, ನಾನೇ ಬಾಗಿಲು ತೆಗೆದೆ. ನೆಟ್ಟಗೆ ಬಾಲ್ಕನಿಗೆ ಹೋದ್ರಪ್ಪ..." ಅಮ್ಮನ ದನಿ ಫೋನಿನಿಂದ ದೂರ ಸರಿಯಿತು. "ಅಯ್ಯೋ, ಅಳಿಯಂದ್ರೇ, ಬಕೆಟ್ ಎತ್ಕೊಂಡು ಎಲ್ಲಿಗೆ? ಮೆಲ್ಲಗೆ, ಗರಿ ಮುರಿದೀತು!"

ಮಹಡಿಯ ಬಾಗಿಲು ಧಡಾರನೆ ತೆರೆಯಿತು. ಅಕ್ಕ ಮೆಟ್ಟಿಲ ಕಂಬಿ ಹಿಡಿದು ಕೆಳಕ್ಕೆ ಬಾಗಿದಳು. ಕಣ್ಣು ತುಂಬಿ ಹರಿಯುತ್ತಿತ್ತು, ಮುಖದ ತುಂಬ ನಗು.

"ನಂಬಿದ್ರು ಕಣೋ! ಕಾಳು ತಿರುಗಿಸಿ ತಿರುಗಿಸಿ ನೋಡಿ ಎಲ್ಲರೂ ನಂಬಿದ್ರು! ಈಗ ಕಳ್ಳ ಯಾರು ಅಂತ ಕೇಳ್ತಿದ್ದಾರೆ. ಬಾ, ಬಂದು ಹೆಸರು ಹೇಳು. ಮತ್ತೆ ನಿಮ್ಮ ಭಾವ ಎಲ್ಲಿ? ನನಗೋಸ್ಕರ ಇಷ್ಟು ಓಡಾಡಿದ್ದಾರೆ ಪಾಪ, ಅವರನ್ನೂ ಕರ್ಕೊಂಡು ಬಾ. ಅವರ ಮುಂದೇನೇ ಹೇಳು."